ಲೋಕಲ್‌ನಲ್ಲಿ ಸೀರಿಯಸ್ ಆದ ಬೇಬಿ

ನನ್ನ ಹೆಂಡತಿ ಸುಮತಿಯನ್ನು ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸು ಮಾಡಿಸುವ ಮಹತ್ತರ ಹೊಣೆಯನ್ನು ನಾನಾಗಿಯೇ ಹೊತ್ತುಕೊಂಡಿದ್ದೆ. ಮುಂಬಯಿಯ ಸಯನ್‌ನ ಹೋಟೆಲಿನ ಗಲ್ಲಾದಲ್ಲಿ ಕೂರುವವನಿಗೆ ವೈದ್ಯವೇನು ಗೊತ್ತು ಎನ್ನಬೇಡಿ. ಪ್ರಶ್ನೆ ಕೇಳುವುದಕ್ಕೆ ಬಾಯಿ ಸಾಕು.

ಕಳೆದ ಸಲ ಅವಳು ಮಕ್ಕಳ ಕಾಯಿಲೆಯ ಭಾಗದಲ್ಲೇ ಎಡವಿದ್ದಳು. ಅದಕ್ಕೆ ಆ ಅಧ್ಯಾಯವನ್ನು ನಾನೇ ಬಾಯಿಪಾಠ ಮಾಡಿದ್ದೆ. ಪರೀಕ್ಷೆ ಪವಾಯಿಯಲ್ಲಿ. ಲೋಕಲ್ ರೈಲು ಹತ್ತಿದೆವು. ಬ್ಯಾಗನ್ನು ಎದೆಗೆ ಹಾಕಿಕೊಂಡು, ಮೇಲೆ ದುಪಟ್ಟಾ ಹೊದ್ದು, ಅವಳು ಸಪ್ಪಗೆ ನಿಂತಿದ್ದಳು.

ಕನ್ನಡ ಯಾರಿಗೂ ಬಾರದೆಂಬ ಧೈರ್ಯದಿಂದ ಶುರುಮಾಡಿದೆ. "ಎಂಟು ತಿಂಗಳ ಬೇಬಿ. ಲೂಸ್ ಮೋಶನ್. ನೆತ್ತಿ ಒಳಗೆ ಹೋಗಿದೆ, ಅತ್ತರೂ ಕಣ್ಣೀರಿಲ್ಲ. ಏನು ಮಾಡ್ತೀ?"

"ಮೆಲ್ಲ ಮಾತಾಡಿ ಮಾರಾಯ್ರೆ. ನಂಗೆ ಎಲ್ಲ ಮರ್ತು ಹೋಗಿದೆ," ಎಂದವಳ ಕಣ್ಣು ತುಂಬಿತು.

"ಬೇಬಿ ಸೀರಿಯಸ್ ಉಂಟು, ಬೇಗ ಹೇಳು!"

ಬೇಬಿ, ಲೂಸ್ ಮೋಶನ್, ಸೀರಿಯಸ್. ಮುಂಬಯಿಗೆ ಅಷ್ಟು ಕನ್ನಡ ಧಾರಾಳವಾಗಿ ಬರುತ್ತದೆ! ಒಬ್ಬರು ಸೀಟು ಬಿಟ್ಟರು. ಇನ್ನೊಬ್ಬರು ಗಾಳಿ ಹಾಕತೊಡಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಘಾಟ್ಕೋಪರ್ ಬಂತು. "ಬಚ್ಚಾ ಹೈ, ಜಗಹ್ ದೋ" ಎಂದು ದಾರಿ ಬಿಡಿಸುತ್ತ, ಬೇಗ ಆಸ್ಪತ್ರೆ ಸೇರಲೆಂದು ಜನ ನಮ್ಮನ್ನು ಅಕ್ಕರೆಯಿಂದ ಹೊರಗೆ ತಳ್ಳಿದರು.

ನಮ್ಮ ಜೊತೆ ಇಳಿದ ಮರಾಠಿ ಹೆಂಗಸೊಬ್ಬರು ದುಪಟ್ಟಾ ಸರಿಸಿ ನೋಡಿದರು. ಬ್ಯಾಗು. "ಬಾಳ್ ಕುಠೇ ಆಹೇ?" ಎಂದರು, ಮಗು ಎಲ್ಲಿ ಎಂದು.

"ಪುಸ್ತಕದಲ್ಲಿ," ಎಂದೆ.

ಸುಮತಿ ಅಳುತ್ತಲೇ ಪರೀಕ್ಷೆಯ ವಿಷಯ ಹೇಳಿದಳು. ಆ ತಾಯಿ ಬೈಯಲಿಲ್ಲ. ಅವಳ ಕಣ್ಣೊರೆಸಿ, ಮುಂದಿನ ಗಾಡಿಯ ಲೇಡೀಸ್ ಡಬ್ಬಿಗೆ ಕರೆದೊಯ್ದರು. ನನ್ನ ಕಡೆ ತಿರುಗಿ, "ತುಮ್ ಜೆಂಟ್ಸ್ ಮೇ ಜಾವ್. ಮೂಹ್ ಬಂದ್," ಎಂದರು, ಗಂಡಸರ ಡಬ್ಬಿಗೆ ಹೋಗು, ಬಾಯಿ ಮುಚ್ಚಿಕೊಂಡಿರು ಎಂದು.

ಪರೀಕ್ಷಾ ಕೇಂದ್ರದ ಬಾಗಿಲು ಮುಚ್ಚುವ ಮೊದಲು ಸುಮತಿ ಹೇಗೋ ಒಳಗೆ ಸೇರಿದಳು. ಸಂಜೆ ಹೊರಗೆ ಬಂದಾಗ ನಗುತ್ತಿದ್ದಳು.

"ಪೇಪರ್ ನೋಡಿ ಓದಿದ್ದೆಲ್ಲ ಪುನಃ ಮರ್ತು ಹೋಯ್ತು. ಆಗ ಪ್ಲಾಟ್‌ಫಾರ್ಮಲ್ಲಿ ನಿಮ್ಮ ಮುಖ ಹೇಗಿತ್ತು ಅಂತ ನೆನಪಾಯ್ತು. ನಗು ಬಂತು, ಮತ್ತೆ ಹೆದರಿಕೆಯೇ ಇಲ್ಲ."

ಪಾಸಾದಳು. ಈಗ ಅವಳು ಮಕ್ಕಳ ವಾರ್ಡಿನಲ್ಲಿ ನರ್ಸು. ಮೊನ್ನೆ ನನಗೆ ಸಣ್ಣ ಜ್ವರ ಬಂದಾಗ ಲೋಕ ಮುಳುಗಿದಂತೆ ನರಳುತ್ತ ಮಲಗಿದ್ದೆ. ಅವಳು ಹಣೆ ಮುಟ್ಟಿ, ಗಂಜಿ ಕುಡಿಸಿ, ತಲೆ ಸವರಿದಳು.

"ನಮ್ಮ ವಾರ್ಡಲ್ಲಿ ಎಂಟು ತಿಂಗಳಿನವು ಸಹ ಇಷ್ಟು ರಂಪ ಮಾಡುದಿಲ್ಲ," ಎಂದಳು.

ನಾನು ಇನ್ನೂ ಸ್ವಲ್ಪ ನರಳಿದೆ. ತಲೆ ಸವರುತ್ತಿದ್ದ ಕೈ ನಿಲ್ಲಬಾರದಲ್ಲ.