ಕಿಸೆಯಲ್ಲಿದ್ದ ಹನ್ನೆರಡು ದಡಿಗಳು

ಮಲ್ಲುವಿನ ಮನೆಗೆ ಸುಣ್ಣ ಹೊಡೆದದ್ದೇ ಎಲ್ಲಕ್ಕೂ ಮೂಲ. ಸುಣ್ಣ ಹೊಡೆಯುವ ಗಡಿಬಿಡಿಯಲ್ಲಿ ಹೆಂಡತಿ ಸುಮಾ ಗೋಡೆಗೆ ಅಂಟಿಸಿದ್ದ ಒಂದು ಚೀಟಿಯನ್ನು ಕಿತ್ತು ಒಲೆಗೆ ಹಾಕಿದಳು. ಅದರಲ್ಲಿ ಅವಳ ತಮ್ಮ ಸಂಜು ಇಂಗ್ಲಿಷಿನ ಒಂದೇ ಒಂದು ಸಾಲು ಬರೆದಿದ್ದ.

ಬೆನ್ನುನೋವಿಗೆ ಮಲ್ಲು ಮಗ್ಗ ಬಿಟ್ಟು ಎರಡು ವರ್ಷವಾಗಿತ್ತು. ಆದರೆ ಇಳಕಲ್ಲಿನ ನೇಕಾರನ ಕೈ ಸುಮ್ಮನೆ ಕೂರಬೇಕಲ್ಲ? ಲಗ್ನಪತ್ರಿಕೆ ಸಿಕ್ಕರೆ ಅದರ ಹಿಂದೆ, ಔಷಧದ ಚೀಟಿ ಸಿಕ್ಕರೆ ಅದರ ಬದಿಗೆ ಸೀರೆಯ ದಡಿ, ಅಂದರೆ ಅಂಚಿನ ಚಿತ್ತಾರ, ಬಿಡಿಸುತ್ತಿದ್ದ. ನೋಡಲಾರದೆ ಸಂಜು ಒಂದು ಹಳೇ ಕಂಪ್ಯೂಟರ್ ತಂದುಕೊಟ್ಟ. ಆ ಮುದಿ ಮಷೀನಿಗೆ ವಿಂಡೋಸ್ ಭಾರವೆಂದು ಲಿನಕ್ಸ್ ಹಾಕಿದ. ಜೊತೆಗೆ ಬೆಂಕಿಪೊಟ್ಟಣದಷ್ಟು ಡಿಸ್ಕೊಂದನ್ನು ಕೊಟ್ಟ.

"ಮಾಮಾ, ಈ ಮಷೀನು ಯಾವತ್ತ ಕೈ ಕೊಡ್ತೈತೋ ಗೊತ್ತಿಲ್ಲ. ನೀ ಬರದದ್ದೆಲ್ಲಾ ಡಿಸ್ಕಿನ್ಯಾಗ ಇಡು. ಮುಂಜಾನೆ ಡಿಸ್ಕ್ ಚುಚ್ಚಿದ ಕೂಡಲೇ, ಅದನ್ನ ಮಷೀನಿಗೆ ಜೋಡಸೂ ಈ ಚೀಟ್ಯಾಗಿನ ಮೌಂಟ್ ಸಾಲು ಟೈಪ್ ಮಾಡು. ಆಮ್ಯಾಲ 'ದಡಿ' ಅಂತ ಫೋಲ್ಡರ್ ಐತಲ್ಲ, ಅದನ್ನ ತಗಿ. ಅದ ನಿನ್ನ ಡಿಸ್ಕು."

ಮಲ್ಲುವಿಗೆ ಅರ್ಥವಾಗದ ಮಾತೇನಲ್ಲ. ಇಳಕಲ್ ಸೀರೆಯ ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಒಡಲಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿದರೆ ಮಾತ್ರ ಅದು ಒಂದು ಸೀರೆ. ಈ ಸಾಲೂ ಅಂಥದೇ ಕೊಂಡಿ ಎಂದುಕೊಂಡ.

ಚೀಟಿ ಸುಟ್ಟ ಮರುದಿನ ನೆನಪಿನಿಂದಲೇ ಆ ಸಾಲು ಟೈಪು ಮಾಡಿದ. ಮಷೀನು ಇಂಗ್ಲಿಷಿನಲ್ಲಿ ಏನೋ ಗೊಣಗಿತು. ಆದರೆ 'ದಡಿ' ಫೋಲ್ಡರ್ ತೆರೆಯಿತಲ್ಲ, ಮತ್ತೇನು ಬೇಕು? ಕಂಪ್ಯೂಟರ್ ಕಲಿಯುವಾಗ ಗೀಚಿದ ಸೊಟ್ಟ ದಡಿಗಳು ಮಾತ್ರ ಅಲ್ಲಿ ಕಾಣಲಿಲ್ಲ. ಸುಮಾ ಮನೆ ಸ್ವಚ್ಛ ಮಾಡಿದಂತೆ ಅದೂ ಸ್ವಚ್ಛವಾಗಿರಬೇಕೆಂದು ಮಲ್ಲು ಖುಷಿಪಟ್ಟ. ಅಂದಿನಿಂದ ಆ ಸಾಲಿನ ಗೊಡವೆಗೇ ಹೋಗದೆ, ಡಿಸ್ಕ್ ಚುಚ್ಚಿ ನೇರವಾಗಿ ಆ ಫೋಲ್ಡರ್ ತೆರೆಯತೊಡಗಿದ.

ಎಂಟು ತಿಂಗಳು ಮಷೀನಿನ ಮುಂದೆ ಕೂತು ಹನ್ನೆರಡು ದಡಿ ಬರೆದ. ಬಾಗಲಕೋಟೆಯಲ್ಲಿ ನೇಕಾರರ ಸಂಘವೊಂದು ಹೊಸ ದಡಿಗಳನ್ನು ಆಹ್ವಾನಿಸಿತ್ತು. ಆಯ್ಕೆಯಾದದ್ದನ್ನು ಬರೆದವನ ಹೆಸರಿನಲ್ಲೇ ಸಂಘದ ಮಗ್ಗಗಳ ಮೇಲೆ ನೇಯುತ್ತಾರೆ. ಹನ್ನೆರಡರಲ್ಲಿ ಒಂದು ದಡಿ ಮಲ್ಲುವಿನ ತಾಯಿ ರತ್ನವ್ವ ತನ್ನ ತವರಿನ ಮಗ್ಗವನ್ನು ನೆನೆದು, ಬೆರಳು ಎಣಿಸಿ ಬರೆಸಿದ್ದು. "ಕಣ್ಣ ಪೂರಾ ಹೋಗೂದ್ರಾಗ ಅದನ್ನ ಮಗ್ಗದ ಮ್ಯಾಲ ಒಮ್ಮಿ ನೋಡಬೇಕಪಾ" ಎಂದಿದ್ದಳು. ಕೊಡಲು ಕೊನೆಯ ದಿನ ಮಂಗಳವಾರ, ಸಂಜೆ ನಾಲ್ಕು ಗಂಟೆ.

ಮಂಗಳವಾರ ಮುಂಜಾನೆ ಓಣಿಯಲ್ಲಿ ಕರೆಂಟಿರಲಿಲ್ಲ. ಮಲ್ಲು ಡಿಸ್ಕನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಬಾಗಲಕೋಟೆಗೆ ಹೋಗುವ ಮೊದಲು ಒಮ್ಮೆ ನೋಡಿಬಿಡೋಣವೆಂದು ಬಸ್‌ಸ್ಟ್ಯಾಂಡಿನ ಹತ್ತಿರದ ಅರ್ಷದನ ಕಂಪ್ಯೂಟರ್ ಅಂಗಡಿಗೆ ಹೋದ. ಕರೆಯದಿದ್ದರೂ ಬೆನ್ನ ಹಿಂದೆ ಪಕ್ಕದ ಮನೆಯ ರಾಮಲಿಂಗಪ್ಪ ಕಾಕಾ ಬಂದರು. ರಿಟೈರಾದ ಮೇಲೆ ಊರಿನ ಕೆಲಸವೆಲ್ಲ ಅವರದೇ.

ಅರ್ಷದನ ವಿಂಡೋಸ್ ಡಿಸ್ಕನ್ನು ನೋಡಿ, ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳಿತು.

"ಹೂಂ ಅನ್ನಪಾ ಮಲ್ಲು. ಮರ್ಯಾದಿಲೆ ಕೇಳಾಕತ್ತೈತಿ" ಎಂದರು ಕಾಕಾ.

ಮಲ್ಲುವಿನ ಬೆರಳು ಇನ್ನೇನು ಒತ್ತಬೇಕು, ಅರ್ಷದ ಕೈ ಹಿಡಿದುಕೊಂಡ. "ಮಲ್ಲಣ್ಣಾರ, ಹೂಂ ಅಂದ್ರ ಇದ್ದದ್ದೆಲ್ಲಾ ಅಳಿಸಿ ಹೊಕ್ಕೈತ್ರಿ. ಇದು ಲಿನಕ್ಸ್ ಡಿಸ್ಕು. ವಿಂಡೋಸಿಗೆ ಇದರ ಭಾಷಾ ಬರಂಗಿಲ್ಲ."

ಮಲ್ಲು ಡಿಸ್ಕನ್ನು ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡ. ಅಂಗಡಿಗೆ ಬಂದಿದ್ದ ಸೀರೆ ವ್ಯಾಪಾರದ ಸುಲ್ತಾನಾ, "ತಡೀರಿ, ನನ್ನ ಆ್ಯಪಲ್ ಲ್ಯಾಪ್‌ಟಾಪಿಗೆ ಹಾಕಿ ನೋಡೋಣು" ಎಂದರು. ಅದು ಇನ್ನೂ ದೊಡ್ಡಸ್ತಿಕೆಯದು. ಇದನ್ನು ಓದಲು ಬರುವುದಿಲ್ಲ, ಹೊರಗೆ ತೆಗೆಯಿರಿ ಎಂದಿತು.

ಹುನಗುಂದದಲ್ಲಿದ್ದ ಸಂಜುವಿಗೆ ಫೋನು ಹೋಯಿತು. "ಮಾಮಾ, ಹೆದರಬ್ಯಾಡ. ಬಾಗಲಕೋಟ್ಯಾಗ ಬಸವೇಶ್ವರಿ ಮೇಡಂ ಅಂತ ಅದಾರ, ಕಾಲೇಜಿನ ಲ್ಯಾಬಿನ್ಯಾಗ. ಅಲ್ಲಿ ಲಿನಕ್ಸ್ ಐತಿ. ನಾ ಫೋನ್ ಮಾಡಿ ಹೇಳಿರ್ತೇನಿ."

"ನೀ ಹೋಗಪಾ, ಇಲ್ಲಿದು ನಾ ನೋಡ್ಕೋತೇನಿ" ಎಂದು ಕಾಕಾ ಧೈರ್ಯ ತುಂಬಿದರು. ಇಲ್ಲಿ ನೋಡಿಕೊಳ್ಳುವುದು ಏನಿದೆ ಎಂದು ಕೇಳುವಷ್ಟು ವ್ಯವಧಾನ ಮಲ್ಲುವಿಗಿರಲಿಲ್ಲ.

ಬಸ್ಸು ಹುನಗುಂದ ದಾಟಿತು. ಮಲ್ಲುವಿನ ಕೈ ಎಂದಿನಂತೆ ಸುಮ್ಮನಿರದೆ, ಟಿಕೇಟಿನ ಹಿಂದೆ ತಾಯಿ ಹೇಳಿಕೊಟ್ಟ ದಡಿಯನ್ನು ಬಿಡಿಸತೊಡಗಿತು. ಎರಡು ಹೂವು ಮುಗಿದು ಮೂರನೆಯದಕ್ಕೆ ಬಂದಾಗ ಅರ್ಷದನ ಫೋನು ಬಂತು.

"ಮಲ್ಲಣ್ಣಾರ, ನಿಮ್ಮ ಮನ್ಯಾಗಿನ ಮಷೀನಿನ್ಯಾಗ ಬೇಕಾದದ್ದು ಏನರೆ ಐತೇನ್ರಿ?"

"ಏನೂ ಇಲ್ಲೋ ಮಾರಾಯಾ. ಇದ್ದದ್ದೆಲ್ಲಾ ನನ್ನ ಕಿಸೆದಾಗ ಐತಿ" ಎಂದು ಮಲ್ಲು ಕಿಸೆ ಮುಟ್ಟಿಕೊಂಡು ಹೇಳಿದ. ಅಷ್ಟರಲ್ಲಿ ಪಕ್ಕದ ಸೀಟಿನವರ ಜೋಳದ ಚೀಲ ಕಾಲ ಮೇಲೆ ಬಿತ್ತು. ಟಿಕೇಟು, ಫೋನು ಎರಡೂ ಕಿಸೆ ಸೇರಿದವು.

ಲ್ಯಾಬು ಮುಟ್ಟಿದಾಗ ಎರಡೂವರೆ. ಬಸವೇಶ್ವರಿ ಮೇಡಂ ಡಿಸ್ಕನ್ನು ಚುಚ್ಚಿದ್ದೇ ತಡ, ಅದು ತಾನಾಗಿಯೇ ತೆರೆಯ ಮೇಲೆ ಬಂತು.

"ಸಾಲು ಟೈಪು ಮಾಡೋದು ಬ್ಯಾಡೇನ್ರಿ ಮೇಡಂ?"

"ಒಂದೊಂದು ಮನಿಗೆ ಒಂದೊಂದು ಪದ್ಧತಿರಿ ಅಣ್ಣಾರ. ವಿಂಡೋಸು ತನ್ನ ಜಾತಿ ಡಿಸ್ಕಾದ್ರ ಕರದು 'ಇ' ಅಂತೋ 'ಎಫ್' ಅಂತೋ ಒಂದು ಅಕ್ಷರದ ಹೆಸರು ಕೊಟ್ಟು ಕುಂದರಸ್ತೈತಿ. ನಮ್ಮ ಈ ಹೊಸ ಲಿನಕ್ಸು ತಾನೇ ಒಳಗ ಕರ್ಕೋತೈತಿ. ನಿಮ್ಮ ಹಳೇದು ಹಂಗಲ್ಲ. ಹೇಳಿದ್ರಷ್ಟ ಜೋಡಸ್ತೈತಿ."

ಡಿಸ್ಕಿನೊಳಗೆ ಎಂಟು ತಿಂಗಳ ಹಿಂದಿನ ಆ ಸೊಟ್ಟ ದಡಿಗಳಿದ್ದವು. ಬೇರೇನೂ ಇರಲಿಲ್ಲ. ಮಲ್ಲು ಕುರ್ಚಿ ಎಳೆದು ಕೂತ. ಅವ್ವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮೇಡಂ ಒಂದೊಂದಾಗಿ ಕೇಳುತ್ತ ಹೋದರು. ಚೀಟಿ ಸುಟ್ಟ ಕತೆ ಬಂದೊಡನೆ ಅವರ ಮುಖ ಅರಳಿತು.

"ಅಣ್ಣಾರ, ನಿಮ್ಮ ದಡಿ ಎಲ್ಲೂ ಹೋಗಿಲ್ಲ. 'ದಡಿ' ಫೋಲ್ಡರ್ ಅನ್ನೂದು ಡಿಸ್ಕ್ ಅಲ್ರಿ. ಅದು ಡಿಸ್ಕ್ ಕುಂದರ್ಸಾಕ ಮಷೀನಿನ್ಯಾಗ ಇಟ್ಟ ಜಾಗಾ. ಮೌಂಟ್ ಮಾಡಿದ್ರ ಡಿಸ್ಕಿನ್ಯಾಗಿಂದು ಕಾಣಸ್ತೈತಿ, ಮಾಡಲಿಲ್ಲಂದ್ರ ಮಷೀನಿನ ಖಾಲಿ ಜಾಗಾನ ಕಾಣಸ್ತೈತಿ. ನೀವು ಇಷ್ಟು ದಿನ ಬರದು ಇಟ್ಟಿದ್ದು ಮಷೀನಿನ್ಯಾಗ."

"ಅಂದ್ರ ಹನ್ನೆರಡೂ ಮನ್ಯಾಗ ಅದಾವ್ರಿ?"

"ಭದ್ರ ಅದಾವ್ರಿ. ಸಂಜುಗ ಹೇಳ್ತೇನಿ, ಅರ್ಧ ತಾಸಿನ್ಯಾಗ ಹುನಗುಂದದಿಂದ ನಿಮ್ಮ ಮನಿಗೆ ಮುಟ್ಟಿ, ಕರೆಂಟ್ ಬಂದಿದ್ರ ನನಗ ಮೇಲ್ ಮಾಡ್ಲಿ. ನಾಲ್ಕರೊಳಗ ಸಂಘಕ್ಕ ಮುಟ್ಟಸೋಣು."

ಮಲ್ಲುವಿಗೆ ಹೋದ ಜೀವ ಬಂದಂತಾಯಿತು. ಕಣ್ಣು ಒರೆಸಿಕೊಂಡು ನಕ್ಕ. ಅದೇ ಹೊತ್ತಿಗೆ ರಾಮಲಿಂಗಪ್ಪ ಕಾಕಾನ ಫೋನು ಬಂತು.

"ಮಲ್ಲು, ಇನ್ನ ನಿಂಗ ಆ ಚೀಟಿ, ಸಾಲು ಯಾವ ಜಂಜಾಟಾನೂ ಇಲ್ಲ. ನೀ ಬಸ್ ಹತ್ತೂದಕ್ಕೂ ಕರೆಂಟ್ ಬರೂದಕ್ಕೂ ಸರಿಹೋತು. ಅರ್ಷದನ್ನ ಮನಿಗೆ ಕರ್ಕೊಂಡ ಬಂದು ನಿನ್ನ ಮಷೀನಿಗೆ ವಿಂಡೋಸ್ ಹಾಕಿಸಿಬಿಟ್ಟೇನಿ. ಒಂಚೂರು ಸಾವಕಾಶ ನಡೀತೈತಿ ಖರೆ, ಆದ್ರ ಒಳಗ ಎಲ್ಲಾ ತೊಳದು ಸ್ವಚ್ಛ ಮಾಡ್ಯಾನ."

"ಕಾಕಾ," ಮಲ್ಲು ಎದ್ದು ನಿಂತ. "ಅದರಾಗ ನನ್ನ ದಡಿ ಇದ್ದುವ್ರಿ."

"ಅದೆಂಗ? ಹುಡುಗ ನಿನ್ನ ಕೇಳೇ ಮಾಡ್ಯಾನ. ಎಲ್ಲಾ ಕಿಸೆದಾಗ ಐತಿ ಅಂದಿಯಂತಲ್ಲಪಾ."

ಮಲ್ಲು ಕಿಸೆಗೆ ಕೈ ಹಾಕಿದ. ಬಸ್ಸಿನ ಟಿಕೇಟು ಸಿಕ್ಕಿತು. ಅದರ ಹಿಂದೆ ಅವ್ವನ ದಡಿಯ ಎರಡು ಹೂವು ಅರಳಿದ್ದವು. ಮೂರನೆಯದು ಅರ್ಷದನ ಫೋನು ಬಂದಾಗ ಎಲ್ಲಿತ್ತೋ ಅಲ್ಲೇ ಅರ್ಧಕ್ಕೆ ನಿಂತಿತ್ತು.