ಎರ್ಮಿಲೊನ ಕರಿಗೊಜ್ಜು

ಎರ್ಮಿಲೊ ಆ ಮಾತನ್ನು ಆಡಬಾರದಿತ್ತು. ಆಡಿದ್ದು ತಾನಲ್ಲ, ದೋನ್ ಫಿದೆನ್ಸಿಯೊ ಸುರಿದುಕೊಟ್ಟ ಮೂರನೆಯ ಲೋಟ ಮೆಸ್ಕಾಲ್ ಸಾರಾಯಿ ಎಂದು ಆಮೇಲೆ ಎಷ್ಟು ವಾದಿಸಿದರೂ, ಬಾಯಿ ಮಾತ್ರ ಅವನದೇ ಆಗಿತ್ತು.

ಹಿರಿಯರ ಹಬ್ಬದ ಹಿಂದಿನ ದಿನ. ಊರ ಉತ್ಸವಗಳಿಗೆಲ್ಲ ಯಜಮಾನನಾದ ಫಿದೆನ್ಸಿಯೊನ ಅಂಗಳದಲ್ಲಿ ಗಂಡಸರು ಸೇರಿದ್ದರು. ಸಾನ್ ಮೆಲ್ಚೋರಿನಲ್ಲಿ ಮಾತು ಎಲ್ಲಿಂದ ಹೊರಟರೂ ಕೊನೆಗೆ ಕರಿಗೊಜ್ಜಿಗೇ ಬಂದು ನಿಲ್ಲುತ್ತದೆ. ಆರು ಬಗೆಯ ಮೆಣಸಿನಕಾಯಿ, ಎಳ್ಳು, ಬಾದಾಮಿ, ಚಕ್ಕೆ, ಲವಂಗ, ಚಾಕೊಲೇಟು ಎಂದು ಮೂವತ್ತೊಂದು ಸಾಮಾನು ಬಿದ್ದು, ಬೆಂದ ಟರ್ಕಿ ಕೋಳಿಯ ಮೇಲೆ ಸುರಿದರೆ ಪಾದ್ರಿಯ ಹೊಸ ಬೂಟಿನಂತೆ ಹೊಳೆಯಬೇಕು.

“ಗೊಜ್ಜು ಅಂದ್ರೆ ನಿಮ್ಮನೇದು ಕೊಂಪಾದ್ರೆ. ತೆಯೊಫಿಲಾ ಕೈಗೆ ಬಂಗಾರದ ಬಳೆ ತೊಡಿಸ್ಬೇಕು,” ಎಂದ ಫಿದೆನ್ಸಿಯೊ, ಗೆಳೆಯನ ಹೆಗಲು ತಟ್ಟಿ.

“ಅವಳದ್ದೇನಿದೆ? ಬರೀ ಅರೆಯೋದು. ನಮ್ಮಮ್ಮ ಗುಟ್ಟು ಹೇಳಿಕೊಟ್ಟಿರೋದು ನನಗೆ!” ಎಂದುಬಿಟ್ಟ ಎರ್ಮಿಲೊ.

ಎರ್ಮಿಲೊ ಮನೆ ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ಹೆಂಡತಿ ಬೈಯಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಬೆಳಿಗ್ಗೆ ತೆಯೊಫಿಲಾ ಶಾಲು ಹೊದ್ದು, ಒಂದು ಹೊರೆ ಚೆಂಡುಹೂವು ಎತ್ತಿಕೊಂಡು ಹೊಸಿಲಲ್ಲಿ ನಿಂತಳು.

“ಪಕ್ಕದೂರಿಗೆ ಹೋಗಿ ನಮ್ಮಪ್ಪನ ಸಮಾಧಿಗೆ ಹೂ ಇಟ್ಟು ಬರ್ತೀನಿ. ಕೋಳಿ ಬೇಯ್ತಾ ಇದೆ, ಸಾಮಾನು ಬುಟ್ಟೀಲಿದೆ. ಗುಟ್ಟು ಹೇಗೂ ನಿಮ್ಮ ಹತ್ರಾನೇ ಇದೆಯಲ್ಲ.”

ಎರ್ಮಿಲೊ ನೇಕಾರ. ಅವನು ನೇಯ್ದ ಉಣ್ಣೆಯ ಜಮಖಾನದಲ್ಲಿ ಒಂದು ಎಳೆ ಆಚೀಚೆ ಆಗುವುದಿಲ್ಲ. ಆದರೆ ಒಲೆಯ ಮುಂದೆ ಕೂತದ್ದು ಅದೇ ಮೊದಲು. ಮಧ್ಯಾಹ್ನ ಮೂರಕ್ಕೆ ಇಗರ್ಜಿಯ ಗಂಟೆ ಹೊಡೆದ ಕೂಡಲೇ ತೀರಿಹೋದವರು ಮನೆಮನೆಗೆ ಬರುತ್ತಾರೆ. ಅವನ ತಾಯಿ ನತಾಲಿಯಾ ಬದುಕಿದ್ದಾಗ ಉಪ್ಪು ಒಂದು ಹರಳು ಕಡಿಮೆಯಾದರೂ ತಟ್ಟೆ ತಳ್ಳುತ್ತಿದ್ದ ಹೆಂಗಸು. ವರ್ಷಕ್ಕೊಮ್ಮೆ ಅಷ್ಟು ದೂರದಿಂದ ಬರುವ ಅವಳಿಗೆ ಬರಿಯ ಬೆಂದ ಕೋಳಿ ಎಡೆ ಇಡುವುದೆ?

ಮಣ್ಣಿನ ಕಾವಲಿಯ ಮೇಲೆ ಅಷ್ಟೂ ಮೆಣಸಿನಕಾಯನ್ನು ಒಟ್ಟಿಗೇ ಸುರಿದ. ಎದ್ದ ಹೊಗೆಗೆ ಮೊದಲು ಕೋಳಿಗಳು ಕೆಮ್ಮಿದವು, ಆಮೇಲೆ ಬೀದಿ ಕೆಮ್ಮಿತು.

“ಯಾರಪ್ಪಾ ಅದು, ಊರಿಗೇ ಒಗ್ಗರಣೆ ಹಾಕ್ತಿರೋದು?” ಎನ್ನುತ್ತ ಪಕ್ಕದ ಮನೆಯ ದೋನ್ಯಾ ಸಿರಿಲಾ ಮೂಗು ಮುಚ್ಚಿಕೊಂಡು ಒಳಬಂದಳು. “ಬೀಜ ಸುಟ್ಟು ಇದ್ದಿಲಾಗ್ಬೇಕು. ಗೊತ್ತು ತಾನೇ?”

“ಗೊತ್ತು, ಗೊತ್ತು,” ಎಂದ ಎರ್ಮಿಲೊ, ಆಗಷ್ಟೇ ಗೊತ್ತುಮಾಡಿಕೊಂಡು.

“ಯಾರು ಹೇಳಿದ್ದು? ಇದ್ದಿಲಾದ್ರೆ ಕಹಿ!” ಎಂದು ಎದುರುಮನೆಯ ದೋನ್ಯಾ ಬ್ರಿಹಿದಾ ಹಿಂದೆಯೇ ಬಂದಳು.

“ನಿನ್ನ ಗೊಜ್ಜು ತಿಂದೇ ನಿನ್ನ ಗಂಡ ಗಡಿ ದಾಟಿ ಓಡಿಹೋದ.”

“ನಿನ್ನವನು ಭೂಮೀನೇ ಬಿಟ್ಟು ಹೋದ!”

ಒಬ್ಬಳು ಬೆಂಕಿಗೆ ಗಾಳಿ ಹಾಕಿದಳು, ಇನ್ನೊಬ್ಬಳು ಕೊಳ್ಳಿ ಹೊರಗೆಳೆದಳು. ಹೊಗೆ ಸೂರು ದಾಟಿತು. ಅಷ್ಟರಲ್ಲಿ ಬಾಗಿಲಲ್ಲಿ ಫಿದೆನ್ಸಿಯೊ ಕಾಣಿಸಿದ, ಎರಡು ಕೈಯಲ್ಲಿ ಎರಡು ಬಕೆಟ್ ನೀರು. “ದೂರ ಸರೀರಿ!” ಎಂದು ಕೂಗಿ ಎರಡನ್ನೂ ಒಲೆಗೆ ಎರಚಿದ. ಕಾವಲಿ ಠಪ್ಪೆಂದು ಎರಡು ಹೋಳಾಯಿತು. ಮೆಣಸಿನಕಾಯಿ ಅಂಗಳದಗಲ ತೇಲಿಹೋಯಿತು.

“ಉಳೀತು ಮನೆ, ಕೊಂಪಾದ್ರೆ!” ಎಂದು ಫಿದೆನ್ಸಿಯೊ ಎದೆ ಉಬ್ಬಿಸಿದ.

“ಅದು ಬೆಂಕಿ ಅಲ್ಲ ಕಣ್ರೀ, ಅಡುಗೆ!” ಎಂದು ಎರ್ಮಿಲೊ ತಲೆ ಚಚ್ಚಿಕೊಂಡ.

ಎರ್ಮಿಲೊನ ಬಾಯಿ ಮತ್ತೆ ಅವನನ್ನು ಕೇಳದೆ ತೆರೆಯಿತು. “ಇಷ್ಟು ಜನ ಸುತ್ತ ನಿಂತ್ರೆ ಅಮ್ಮನ ಗುಟ್ಟು ಗುಟ್ಟಾಗಿ ಉಳಿಯುತ್ತಾ? ಎಲ್ಲಾ ನಡೀರಿ. ಎರಡೂವರೆಗೆ ಬನ್ನಿ, ರುಚಿ ನೋಡಿ.”

ಬಾಗಿಲಿಗೆ ಅಗುಳಿ ಹಾಕಿ, ಹಿತ್ತಲ ಗೋಡೆ ಹಾರಿ, ಆಚೆಗಿದ್ದ ಪಾಪಾಸುಕಳ್ಳಿಯ ಮೇಲೆ ಬಿದ್ದ. ಮುಳ್ಳು ಕೀಳುವಷ್ಟು ಪುರಸೊತ್ತಿರಲಿಲ್ಲ. ಸಿಕ್ಕಿದ ಆಟೊದಲ್ಲಿ ಕೂರಲಾರದೆ ನಿಂತುಕೊಂಡೇ ತ್ಲಾಕೊಲುಲಾ ಸಂತೆಗೆ ಹೋಗಿ, ಮಸಾಲೆ ಮಾರುವ ಎನೆದಿನಾಳ ಮುಂದೆ ಏದುಸಿರು ಬಿಟ್ಟ.

“ಕರಿಗೊಜ್ಜಿನ ಮುದ್ದೆ ಕೊಡಿ. ಇರೋದ್ರಲ್ಲೇ ಒಳ್ಳೇದು.”

“ಯಾರಿಗೆ?”

“ನಮ್ಮಮ್ಮನಿಗೆ. ತೀರಿಹೋಗಿದ್ದಾರೆ. ಆದ್ರೂ ನಾಲಿಗೆ ಬಹಳ ಚುರುಕು.”

ಎನೆದಿನಾ ಮುಂದಿದ್ದ ರಾಶಿಯನ್ನು ಬಿಟ್ಟು, ಹಿಂದಿನಿಂದ ಬಾಳೆಲೆ ಮುಚ್ಚಿದ ಗಡಿಗೆ ತೆಗೆದಳು. “ಇದು ಎಲ್ಲರಿಗೂ ಕೊಡಲ್ಲ. ಒಬ್ಬಳು ಕಲ್ಲಲ್ಲೇ ಅರೆದು ತಂದುಕೊಡ್ತಾಳೆ. ಈ ಕಣಿವೇಲಿ ಅಂಥ ಕೈ ಇನ್ನೊಂದಿಲ್ಲ.”

ಇಷ್ಟು ಅವಸರದಲ್ಲೂ ಎರ್ಮಿಲೊನಿಗೆ ಕೆಣಕಿದಂತಾಯಿತು. “ನಮ್ಮನೆಯವಳ ಕೈ ನೀವು ನೋಡಿಲ್ಲ, ಬಿಡಿ!”

ಮತ್ತೆ ಗೋಡೆ, ಮತ್ತೆ ಪಾಪಾಸುಕಳ್ಳಿ. ಮುದ್ದೆಯನ್ನು ಕೋಳಿಯ ರಸದಲ್ಲಿ ಕದಡಿ ಕುದಿಸಿ ಅಗುಳಿ ತೆಗೆದಾಗ ಇಡೀ ಬೀದಿ ಹೊಸಿಲಲ್ಲಿತ್ತು.

ಸಿರಿಲಾ ಜೋಳದ ರೊಟ್ಟಿಯ ಚೂರು ಅದ್ದಿ ಬಾಯಿಗಿಟ್ಟಳು. ಅವಳ ಕಣ್ಣು ತುಂಬಿತು. “ಅಯ್ಯೋ... ನತಾಲಿಯಾ!” ಬ್ರಿಹಿದಾ ತಿಂದು, ಹುಟ್ಟಿದಂದಿನಿಂದ ಮೊದಲ ಸಲ ಸಿರಿಲಾಳ ಮಾತಿಗೆ ಹೌದೆಂದಳು. ಎರ್ಮಿಲೊ ತಾನೂ ಬೆರಳದ್ದಿ ನೆಕ್ಕಿದ. ಅಮ್ಮನೇ ತಲೆ ಸವರಿದಂತಾಯಿತು. ಸಂತೆಯ ಗೊಜ್ಜಿಗೆ ಅಮ್ಮನ ರುಚಿ ಎಲ್ಲಿಂದ ಬಂತು? ಯೋಚಿಸುವಷ್ಟರಲ್ಲಿ ಗಂಟೆ ಮೂರು ಹೊಡೆಯಿತು. ಧೂಪದ ಹೊಗೆಯ ನಡುವೆ ತಾಯಿಯ ಚಿತ್ರದ ಮುಂದೆ ತಟ್ಟೆ ಇಟ್ಟು ತಲೆ ಎತ್ತಿದರೆ, ಬಾಗಿಲಲ್ಲಿ ತೆಯೊಫಿಲಾ.

ಅವಳು ಒಡೆದ ಕಾವಲಿ ನೋಡಿದಳು, ಗಂಡನ ಚಡ್ಡಿಯಲ್ಲಿ ನಾಟಿದ ಮುಳ್ಳು ನೋಡಿದಳು. ಗೊಜ್ಜು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟಳು. ಆಮೇಲೆ ಅವನ ಕಿವಿಯ ಹತ್ತಿರ ಬಾಗಿದಳು.

“ಎನೆದಿನಾ ಹತ್ರ ತಂದ್ರಾ? ಹೋದ ಗುರುವಾರ ನಾನೇ ಅರೆದು ಕೊಟ್ಟಿದ್ದು. ಅತ್ತೆ ಗುಟ್ಟು ಹೇಳಿಕೊಟ್ಟಿದ್ದು ನನಗೆ ಕಣ್ರೀ.”

ಎರ್ಮಿಲೊ ಮಣ್ಣಿನ ಬೊಂಬೆಯಾದ. ಮಾನ ಹೋಗುವುದನ್ನೇ ಕಾಯುತ್ತ ನಿಂತ. ತೆಯೊಫಿಲಾ ಜನರತ್ತ ತಿರುಗಿ ನಕ್ಕಳು.

“ನೋಡಿದ್ರಲ್ಲ? ಇವರ ಕೈರುಚಿ ಅಂದ್ರೆ ಸುಮ್ನೆ ಅಲ್ಲ.”

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಎರ್ಮಿಲೊನ ಎದೆ ಉಬ್ಬಿತು. ಎಂಥ ಹೆಂಡತಿ! ಫಿದೆನ್ಸಿಯೊ ಅವನನ್ನು ಅಪ್ಪಿಕೊಂಡ. “ಡಿಸೆಂಬರ್ ಹನ್ನೆರಡಕ್ಕೆ ದೇವಮಾತೆಯ ಹಬ್ಬ. ನಾನೂರು ಎಲೆ ಊಟ. ಗೊಜ್ಜು ನಿಮ್ಮ ಕೈದೇ ಆಗ್ಬೇಕು ಕೊಂಪಾದ್ರೆ!”

“ಇವರು ಒಪ್ಪಿದ್ದಾರೆ,” ಎಂದಳು ತೆಯೊಫಿಲಾ, ಎರ್ಮಿಲೊ ಉಸಿರೆಳೆದುಕೊಳ್ಳುವ ಮೊದಲೇ. “ಗಿರಣೀಲಿ ಅರೆಸೋಣ ಅನ್ಬೇಡಿ. ಇವರಿಗೆ ಕಲ್ಲಲ್ಲೇ ಅರೀಬೇಕು.”

ಡಿಸೆಂಬರ್ ಹನ್ನೊಂದರ ಬೆಳಿಗ್ಗೆ ಎರ್ಮಿಲೊ ಫಿದೆನ್ಸಿಯೊನ ಅಂಗಳದಲ್ಲಿ ಅರೆಯುವ ಕಲ್ಲಿನ ಮುಂದೆ ಮಂಡಿಯೂರಿದ್ದ. ನೋಡಲು ಪಕ್ಕದೂರಿನವರೂ ಬಂದಿದ್ದರು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ತೆಯೊಫಿಲಾ ಬಿಸಿ ಚಾಕೊಲೇಟು ಹೀರುತ್ತಿದ್ದಳು.

“ನಿಮಗೂ ಬರುತ್ತೇನಮ್ಮಾ ಇದು?” ಎಂದು ಯಾರೋ ಕೇಳಿದರು.

“ಇಲ್ಲಪ್ಪ,” ಎಂದಳು ಅವಳು. “ಇವರನ್ನ ನೋಡಿ ಈಗೀಗ ಕಲೀತಿದ್ದೀನಿ.”