ಮಿರ್ಚಿ ಬಂಡಿಗೊಂದು ಮಸೂದೆ

ಶಹಾಪುರದ ಬಸ್‌ನಿಲ್ದಾಣದ ಮೂಲೆಯಲ್ಲಿದ್ದ ಮಿರ್ಚಿ ಬಂಡಿಯನ್ನು ಸಂಜೆಯೊಳಗೆ ಎತ್ತಬೇಕೆಂದು ನಗರಸಭೆಯ ತೆರವು ದಳದ ಅಧಿಕಾರಿ ಹೇಳಿಹೋದ ಮೇಲೆ ರೇವಣಸಿದ್ದ ಒಲೆ ಆರಿಸಿ ತಲೆಮೇಲೆ ಕೈಹೊತ್ತು ಕೂತ. ಬಸ್ಸಿಳಿದವರ ಮೂಗಿಗೆ ಮೊದಲು ಬಡಿಯುವುದು ಅವನ ಎಣ್ಣೆಯ ಘಮ. ಆ ಮೂಲೆ ಹೋದರೆ ಹೊಟ್ಟೆಪಾಡೇ ಹೋದಂತೆ.

ಪಕ್ಕದಲ್ಲಿ ಸೈಕಲ್ ಪಂಕ್ಚರ್ ತಿದ್ದುವ ಬಾಷುಮಿಯಾನಿಗೆ ಪುಕ್ಕಟೆ ಸಲಹೆ ಕೊಡುವುದೆಂದರೆ ಹಬ್ಬ.

“ಯಾಕ ಅಂಜ್ತಿಯೋ? ನಮ್ಮ ಎಂ.ಪಿ. ಸಾಹೇಬ್ರು ಇವತ್ತ ಇದೇ ದಾರೀಲೆ ಸುರಪುರಕ್ಕ ಹೊಂಟಾರ. ಜೇನುಹುಳ ಉಳಿಸಾಕ ದಿಲ್ಲ್ಯಾಗ ಮಸೂದೆ ತಂದಾರ. ಬಿಸಲಾಗ ದುಡಿಯೋರಿಗೆ ರಜಾ, ವಯಸ್ಸಾದ ಕಲಾವಿದರಿಗೆ ಪಿಂಚಣಿ, ಎಲ್ಲಾದಕ್ಕೂ ತಂದಾರ. ಬ್ಯಾರೇದವ್ರು ತಂದ್ರೂ ಎದ್ದು ನಿಂತು ಬೆಂಬಲ ಕೊಡ್ತಾರ. ಹುಳಕ್ಕ ತಂದವ್ರು ನಿನಗ ತರಂಗಿಲ್ಲೇನು?”

“ಮೊದಲ ಅವ್ರ ಕಾರು ನಿಲ್ಲಾಕ ಜಾಗಾ ಮಾಡ್ರಿ” ಎಂದಳು ಹೂ ಮಾರುವ ಬಸ್ಸಮ್ಮ. “ಬಂಡಿ ಅಡ್ಡ ಇದ್ರ ಹಂಗೇ ಹೋಗಿಬಿಡ್ತಾರ.”

ಮೂವರೂ ಸೇರಿ ಬಂಡಿಯನ್ನು ಹಿಂದಿನ ಓಣಿಗೆ ತಳ್ಳಿ, ಸಾರ್ವಜನಿಕ ಶೌಚಾಲಯದ ಗೋಡೆಗೆ ಒತ್ತಿ ನಿಲ್ಲಿಸಿದರು. ಬೇಕೆಂದಾಗ ಮತ್ತೆ ತಂದರಾಯಿತು ಎಂದುಕೊಂಡ ರೇವಣಸಿದ್ದ.

ಕಾರು ಬಂತು. ಬಸ್ಸಮ್ಮ ಹಾರ ಹಿಡಿದು ನಡುರಸ್ತೆಯಲ್ಲಿ ನಿಂತಳು. ಸಾಹೇಬರು ಇಳಿದು, ರೇವಣಸಿದ್ದ ಕೊಟ್ಟ ಮಿರ್ಚಿಯನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡರು. ಖಾರ ನೆತ್ತಿಗೇರಿ ಕಣ್ಣಲ್ಲಿ ದಳದಳ ನೀರಿಳಿಯಿತು.

“ನೋಡ್ರಿ, ಬಡವರ ಕಷ್ಟ ಕಂಡು ಹೆಂಗ ಅಳಾಕತ್ತಾರ!” ಎಂದು ಬಸ್ಸಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ಉಸಿರಿನಲ್ಲಿ ಕುಡುಕ ಅಳಿಯಂದಿರ ಮೇಲೊಂದು ಕಾಯ್ದೆ ಕೇಳಿದಳು. ಪುಕ್ಕಟೆ ಗಾಳಿ ತುಂಬಿಸಿಕೊಂಡು ಹೋಗುವವರ ಮೇಲೆ ಬಾಷುಮಿಯಾ ಇನ್ನೊಂದು ಕೇಳಿದ.

“ತರೂಣ್ರಿ, ಎಲ್ಲಾ ತರೂಣು” ಎಂದರು ಸಾಹೇಬರು ನೀರು ಕುಡಿಯುತ್ತ.

ರೇವಣಸಿದ್ದ ಕಾಲಿಗೇ ಬಿದ್ದ. “ಸಂಜೀಗೆ ಎತ್ತಸ್ತಾರಂತ, ಈ ರೇವಣಸಿದ್ದನ ಬಂಡಿ ಉಳಸ್ರೀ ಯಪ್ಪಾ!”

ಸಾಹೇಬರು ಅಲ್ಲೇ ಅಧಿಕಾರಿಗೆ ಫೋನ್ ಹಚ್ಚಿದರು. “ಮಿರ್ಚಿ ಬಂಡಿ ಉಳಿಸಾಕ ನಾ ಒಂದು ಮಸೂದೆ ತರಾಕತ್ತೇನಿ. ಅದು ಪಾಸಾಗೋತನಕ ರೇವಣಸಿದ್ದನ ಬಂಡಿ ಈಗ ಎಲ್ಲಿ ನಿಂತದೋ ಅಲ್ಲಿಂದ ಒಂದು ಗೇಣು ಸರೀಬಾರ್ದು. ತಿಳೀತಿಲ್ಲೋ?”

ಬಾಷುಮಿಯಾ ಸೀಟಿ ಹೊಡೆದ. ರೇವಣಸಿದ್ದನಿಗೆ ಸ್ವರ್ಗ ಮೂರೇ ಗೇಣು.

ಕಾರಿನ ಧೂಳು ಅಡಗುವ ಮೊದಲೇ ಅಧಿಕಾರಿ ಹಳದಿ ಪೇಂಟಿನ ಡಬ್ಬಿ, ಬ್ರಷ್ ಹಿಡಿದು ಬಂದ. ಮೂಲೆ ನೋಡಿದ, ಓಣಿ ನೋಡಿದ. ಶೌಚಾಲಯದ ಗೋಡೆಗೆ ಆತು ನಿಂತ ಬಂಡಿಯ ನಾಲ್ಕೂ ಗಾಲಿಗಳ ಸುತ್ತ ನೀಟಾಗಿ ಗೆರೆ ಎಳೆದ.

“ಸಾಹೇಬ್ರ, ಇದು ನನ್ನ ಜಾಗಾ ಅಲ್ರಿ! ಕಾರಿಗೆ ದಾರಿ ಬಿಡಾಕ ಸರಿಸಿದ್ದು!”

“ಎಂ.ಪಿ. ಸಾಹೇಬ್ರು ಸರೀಬಾರ್ದು ಅಂದಾರ. ಅವ್ರ ಮಾತು ಮೀರಾಕ ನಾ ಯಾವ ಗಿಡದ ತೊಪ್ಪಲು?”

ರೇವಣಸಿದ್ದ ಮೂಗು ಮುಚ್ಚಿಕೊಂಡೇ ಕೇಳಿದ, “ಆ ಮಸೂದೆ ಯಾವಾಗ ಪಾಸಾಗ್ತದ್ರಿ?”

“ಸರ್ಕಾರ ತಂದಿದ್ದಾದ್ರ ಲಗೂನ ಆಗ್ತಿತ್ತು” ಎಂದ ಅಧಿಕಾರಿ, ಡಬ್ಬಿಯ ಮುಚ್ಚಳ ಒತ್ತುತ್ತ. “ಹಿಂಗ ಎಂ.ಪಿ.ಗಳು ತಾವಾಗಿ ತಂದಿದ್ದು ಒಂದು ಪಾಸಾಗಿ ಐವತ್ತು ವರ್ಷದ ಮ್ಯಾಲಾತು. ನೀ ಅರಾಮಿರು. ಅಲ್ಲೀತನಕ ನಿನ್ನ ಬಂಡಿ ಯಾರೂ ಮುಟ್ಟಂಗಿಲ್ಲ.”